ಬೀಗ ಹಾಗೆಯೇ ಇತ್ತು

ಪೆಟ್ಟಿಗೆಯಲ್ಲಿ ಏನೇನಿತ್ತು ಎಂದು ಪೊಲೀಸರು ಕೇಳಿದಾಗ ಅಮ್ಮ ಹೇಳಿದ ಕ್ರಮದಲ್ಲೇ ಬರೆಯುತ್ತೇನೆ. ಮೂರೂವರೆ ಪವನಿನ ಎರಡೆಳೆ ಸರ, ಅಮ್ಮನ ಮದುವೆಯಲ್ಲಿ ಅಪ್ಪನ ಮನೆಯವರು ಹಾಕಿದ್ದು. ಒಳಗೆ ಅರಗು ತುಂಬಿದ ಹಳೆ ಮಾದರಿಯ ಒಂದು ಜೊತೆ ಬಳೆ, ಅಜ್ಜಿಯದು. ನನ್ನ ಮದುವೆಗೆ ಮಾಡಿಸಿದ ನೆಕ್ಲೇಸು. ತಮ್ಮನ ಹೆಂಡತಿಗೆಂದು ಹೊಸದಾಗಿ ಕೊಂಡ ಎರಡು ಬಳೆ. ಇಷ್ಟು ಹೇಳಿ ಅಮ್ಮ ತಡೆದರು. ಬರೆದುಕೊಳ್ಳುತ್ತಿದ್ದವರು ತಲೆಯೆತ್ತಿ ನೋಡಿದ ಮೇಲೆ, "ಮತ್ತೆ ಒಂದು ಚಿನ್ನದ ಹೂ. ಅದು ನಮ್ಮದಲ್ಲ, ಮಾರಿಯಮ್ಮನದು. ಹರಕೆಯದ್ದು" ಎಂದರು.

2025ರ ಫೆಬ್ರವರಿ ಕೊನೆಯಲ್ಲಿ ಆರಂಭವಾಗಿ ಮಾರ್ಚ್ ಮೊದಲ ವಾರದವರೆಗೆ ನಡೆದ ಕಾಪು ಹೊಸ ಮಾರಿಗುಡಿಯ ಬ್ರಹ್ಮಕಲಶೋತ್ಸವಕ್ಕೆ ನಾವು ಬೆಂಗಳೂರಿನಿಂದ ಬಂದಿದ್ದೆವು. ಕಾಪುವಿನಲ್ಲಿ ಮಾರಿಗುಡಿಗಳು ಮೂರು: ಹಳೆಯದು, ಹೊಸತು, ಕಲ್ಯದ್ದು. ಸುಗ್ಗಿ ಮಾರಿಪೂಜೆ ಬಂತೆಂದರೆ ಅಮ್ಮನಿಗೆ ಎಲ್ಲಿದ್ದರೂ ಮನಸ್ಸು ನಿಲ್ಲುವುದಿಲ್ಲ. ಇಳಕಲ್ಲಿನ ಕೆಂಪು ಶಿಲೆಯಲ್ಲಿ ಹೊಸ ಗುಡಿ ಎದ್ದಿದೆ ಎಂದು ಕೇಳಿದಂದಿನಿಂದಲೇ ಅವರು ಹೊರಡುವ ತಯಾರಿಯಲ್ಲಿದ್ದರು. ಚಿನ್ನವನ್ನು ಬ್ಯಾಂಕಿನ ಲಾಕರಿನಿಂದ ತೆಗೆಸಿದ್ದಕ್ಕೂ ಕಾರಣವಿತ್ತು. ಎಲ್ಲವನ್ನೂ ಅಮ್ಮನವರ ಪಾದದಲ್ಲಿಟ್ಟು ತೆಗೆದು, ಹೊಸ ಸೊಸೆಯ ಕೈಗೆ ಕೊಡಬೇಕು; ತಮ್ಮನ ಮದುವೆ ನಿಶ್ಚಯವಾಗುವ ಮೊದಲೇ ಹೇಳಿಕೊಂಡ ಹರಕೆಯದು. ನಮ್ಮ ಕುಟುಂಬದ ಮನೆ ಪಾಲಾಗಿ ಮಾರಿಹೋಗಿ ಎಷ್ಟೋ ಕಾಲವಾಗಿದೆ. ಹಾಗಾಗಿ ಉಡುಪಿ ಮತ್ತು ಕಾಪುವಿನ ನಡುವೆ ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಒಂದು ಲಾಡ್ಜಿನಲ್ಲಿ ಮುಂಗಡ ಕೊಟ್ಟು ರೂಮು ಹಿಡಿದಿದ್ದೆವು. ಆ ವಾರ ಉಡುಪಿಯಿಂದ ಪಡುಬಿದ್ರಿವರೆಗೆ ರೂಮು ಸಿಕ್ಕುವುದೇ ಪುಣ್ಯ ಎಂಬಂತಿತ್ತು. ಮುಂಬೈಯಿಂದ, ದುಬೈಯಿಂದ ಊರಿನವರೆಲ್ಲ ಬಂದಿದ್ದರು.

ರೂಮು ಮೊದಲ ಮಹಡಿಯ ತುದಿಯದು. ಬಾಗಿಲಿಗೆ ಹಳೆಯ ಕಾಲದ ಬೀಗ. ರೂಮು ನಂಬರು ಕೊರೆದ ಹಿತ್ತಾಳೆಯ ಬಿಲ್ಲೆಗೆ ಬೀಗದ ಕೈ ಕಟ್ಟಿತ್ತು. ಒಳಗಿನಿಂದ ಚಿಲಕ ಗಟ್ಟಿಯಿತ್ತು, ಕಿಟಕಿಗೆ ಸರಳು ಇತ್ತು. ಮೊದಲ ದಿನ ಹೊರೆಕಾಣಿಕೆಯ ಮೆರವಣಿಗೆ, ಕಾಲಿಡಲು ಜಾಗವಿಲ್ಲದ ಜನ. ಕುತ್ತಿಗೆಯ ಸರ ಜಾಗ್ರತೆ ಎಂದು ಮೈಕಿನಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದರು. ಅಂಥ ನೂಕುನುಗ್ಗಲಿಗೆ ಚಿನ್ನ ಕೊಂಡೊಯ್ಯುವುದು ಬೇಡ, ಪೂಜೆಗೆ ಹೇಳಿಸಿದ ದಿನ ಬೆಳಿಗ್ಗೆ ಒಯ್ದರಾಯಿತು ಎಂದು ಸೂಟ್‌ಕೇಸಿನಲ್ಲಿಟ್ಟು, ನಂಬರ್ ಲಾಕ್ ತಿರುಗಿಸಿ, ಅದನ್ನು ಕಪಾಟಿನಲ್ಲಿಟ್ಟು, ಬಾಗಿಲಿಗೆ ಬೀಗ ಹಾಕಿ, ಕೈಯನ್ನು ಲಾಡ್ಜಿನ ಪದ್ಧತಿಯಂತೆ ಕೌಂಟರಿನಲ್ಲಿ ಕೊಟ್ಟು ಹೋದೆವು. ಅನ್ನಪ್ರಸಾದ ಮುಗಿಸಿ, ಅಮ್ಮನ ಕಾಲುನೋವಿಗೆ ಸಮುದ್ರದ ಬದಿಯಲ್ಲಿ, 1901ರಲ್ಲಿ ಕಟ್ಟಿದ ದೀಪಸ್ತಂಭದ ಬುಡದಲ್ಲಿ ಸ್ವಲ್ಪ ಕುಳಿತು, ಹಿಂದಿರುಗಿದಾಗ ಸಂಜೆಯಾಗಿತ್ತು.

ಬೀಗ ಹಾಗೆಯೇ ಇತ್ತು. ಕಪಾಟಿನ ಬಾಗಿಲು ಮುಚ್ಚಿತ್ತು. ಸೂಟ್‌ಕೇಸಿನ ನಂಬರ್ ಲಾಕ್ ಕೂಡ ನಾನು ಬಿಟ್ಟುಹೋದಂತೆಯೇ ಇತ್ತು. ಅದನ್ನು ತೆರೆದ ಮೇಲೂ ಸೀರೆಗಳ ಮಡಿಕೆ ಕೆಟ್ಟಿರಲಿಲ್ಲ. ಸೀರೆಗಳ ಅಡಿಯಲ್ಲಿದ್ದ ಮರದ ಪೆಟ್ಟಿಗೆ ಕೈಗೆತ್ತಿಕೊಂಡಾಗ ಮಾತ್ರ ಅದು ಹಗುರವಾಗಿತ್ತು.

ಇದು ಹೇಗಾಯಿತೆಂದು ಮರುದಿನ ಒಬ್ಬ ಪೊಲೀಸ್ ಸಿಬ್ಬಂದಿ ನಮ್ಮೆದುರೇ ತೋರಿಸಿದರು. ಮೇಜಿನ ಮೇಲಿದ್ದ ಸಾಮಾನ್ಯ ಬಾಲ್‌ಪೆನ್ನು ತೆಗೆದುಕೊಂಡು ಅದರ ಮೊನೆಯನ್ನು ಮುಚ್ಚಿದ್ದ ಜಿಪ್ಪಿನ ಹಲ್ಲುಗಳ ನಡುವೆ ಒತ್ತಿದರು. ಹಲ್ಲುಗಳು ಬಿಟ್ಟುಕೊಂಡವು. ಕೈಯಿಂದ ಅಗಲಿಸಿದರೆ ಸೂಟ್‌ಕೇಸು ಬಾಯಿ ಬಿಟ್ಟಿತು. ನಂಬರ್ ಲಾಕಿನಲ್ಲಿ ಸಿಕ್ಕಿಕೊಂಡಿದ್ದ ಎರಡು ಹಿಡಿಕೆಗಳು ಅಲ್ಲೇ ಜೋಡಿಯಾಗಿ ನಿಂತಿದ್ದವು. ಆಮೇಲೆ ಅದೇ ಜೋಡಿಯನ್ನು ಹಿಡಿದು ಆ ತುದಿಯಿಂದ ಈ ತುದಿಗೆ ಒಮ್ಮೆ ಎಳೆದರು. ಜಿಪ್ಪು ಮತ್ತೆ ಕೂಡಿಕೊಂಡಿತು. ಬೀಗವನ್ನು ಯಾರೂ ಮುಟ್ಟಿರಲಿಲ್ಲ, ಗುರುತೂ ಉಳಿಯಲಿಲ್ಲ. ಅಂಗಡಿಯಲ್ಲಿ ಸೂಟ್‌ಕೇಸು ಕೊಳ್ಳುವಾಗ ಬೀಗ ಎಷ್ಟು ಗಟ್ಟಿ ಎಂದು ಎಲ್ಲರೂ ನೋಡುತ್ತೇವೆ. ಜಿಪ್ಪೇ ಇಲ್ಲದೆ, ಎರಡು ಗಟ್ಟಿ ಹೋಳುಗಳು ಕೊಂಡಿಯಿಂದ ಕಚ್ಚಿಕೊಳ್ಳುವ ಬಗೆಯ ಸೂಟ್‌ಕೇಸುಗಳು ಈಗಲೂ ಸಿಗುತ್ತವೆ. ಭಾರ ಜಾಸ್ತಿ, ಆದರೆ ಪೆನ್ನಿಗೆ ಬಗ್ಗುವುದಿಲ್ಲ.

ಮ್ಯಾನೇಜರನ್ನು ಕರೆದೆವು. ಅವರು ಮೊದಲು ತೋರಿಸಿದ್ದು ಕೌಂಟರಿನ ಹಿಂದಿನ ಬೋರ್ಡು: ಬೆಲೆಬಾಳುವ ವಸ್ತುಗಳಿಗೆ ಆಡಳಿತದವರು ಜವಾಬ್ದಾರರಲ್ಲ. "ನಮ್ಮಲ್ಲಿ ಇಷ್ಟರವರೆಗೆ ಹೀಗೆ ಆದದ್ದೇ ಇಲ್ಲ ಮೇಡಂ. ನೀವು ಸರಿಯಾಗಿ ನೋಡಿ, ಬೆಂಗಳೂರಿನಲ್ಲೇ ಬಿಟ್ಟು ಬಂದಿರ್ಬಹುದು" ಎಂದರು. ಅಮ್ಮ ಬೆಳಿಗ್ಗೆ ತಾನೇ ಪೆಟ್ಟಿಗೆ ತೆರೆದು ಚಿನ್ನದ ಹೂವಿಗೆ ಕುಂಕುಮ ಇಟ್ಟದ್ದನ್ನು ಹೇಳಿದರು. ಆಗ ಅವರ ಧ್ವನಿ ಬದಲಾಯಿತು. ಮರುಕ್ಷಣವೇ ರೂಮು ಗುಡಿಸುವ ಹುಡುಗನನ್ನು ಕೂಗಿ ಕರೆದರು.

ಬಾಗಲಕೋಟೆ ಕಡೆಯ ಹುಡುಗ. ಮೀಸೆ ಆಗಷ್ಟೇ ಚಿಗುರುತ್ತಿತ್ತು. ಏನು ಎತ್ತ ಎಂದು ಕೇಳುವ ಮೊದಲೇ ಒಬ್ಬರು ಅವನ ಕಾಲರಿಗೆ ಕೈ ಹಾಕಿದರು. ಇನ್ನೊಬ್ಬರು ಮೆಟ್ಟಿಲ ಕೆಳಗಿನ ಅವನ ಚೀಲ ತಂದು ನಮ್ಮ ಕಾಲ ಬಳಿ ಕೊಡವಿದರು. ಎರಡು ಅಂಗಿ, ಒಂದು ಟವೆಲು, ಮೊಬೈಲ್ ಚಾರ್ಜರು, ರಬ್ಬರ್‌ಬ್ಯಾಂಡ್ ಹಾಕಿದ ಒಂದಿಷ್ಟು ನೋಟು. ನೋಟು ಕಂಡಕೂಡಲೇ, "ಇದೆಲ್ಲಿಂದ ಬಂತು?" ಎಂದು ಅಬ್ಬರಿಸಿದರು. ಪಗಾರದ ದುಡ್ಡು ಎಂದ. ಕೆನ್ನೆಗೆ ಏಟು ಬಿತ್ತು. "ಅಮ್ಮಾರ, ನಾ ಮುಟ್ಟಿಲ್ರೀ. ನಾ ಕಸ ಹೊಡದು ಹೊಂಟೇನ್ರಿ" ಎಂದು ಅವನು ನಮ್ಮ ಕಡೆ ತಿರುಗಿದ.

ಆ ಹೊತ್ತಿನ ನನ್ನ ಮನಸ್ಸನ್ನು ಬಚ್ಚಿಡುವುದಿಲ್ಲ. ಅವನೇ ಇರಲಿ ಎಂದು ಅನಿಸಿತ್ತು. ಅವನೇ ಆದರೆ ಚಿನ್ನ ಇಲ್ಲೇ ಎಲ್ಲೋ ಇರುತ್ತದೆ, ರಾತ್ರಿಯೊಳಗೆ ಸಿಗುತ್ತದೆ. ಅಮ್ಮ ಮಾತ್ರ ನೇರ ಎದ್ದು ಹೋಗಿ ನಡುವೆ ನಿಂತರು. "ಅವನ ಮೈ ಮುಟ್ಟಬೇಡಿ. ಹೊಡೆದರೆ ಚಿನ್ನ ಬರುವುದಿಲ್ಲ, ಸುಳ್ಳು ಬರುತ್ತದೆ" ಎಂದರು. ಹುಡುಗನನ್ನು ಕುರ್ಚಿಯಲ್ಲಿ ಕೂರಿಸಿ, "ಮಗಾ, ನೀರು ಕುಡಿ. ಆ ರೂಮಿನ ಬಗ್ಗೆ ನಿನಗೆ ಗೊತ್ತಿದ್ದದ್ದೆಲ್ಲ ಹೇಳು" ಎಂದರು.

ಅವನು ಹೇಳಿದ ಮಾತೇ ಕೊನೆಗೆ ಇಡೀ ಪ್ರಕರಣ ಬಿಡಿಸಿತು. ಹಿಂದಿನ ತಿಂಗಳು ಅದೇ ರೂಮಿನಲ್ಲಿದ್ದ ಒಬ್ಬ ಗಿರಾಕಿ ಚಾವಿ ಕೌಂಟರಿನಲ್ಲಿ ಕೊಡದೆ ಜೇಬಿನಲ್ಲೇ ಒಯ್ದಿದ್ದ. ರೂಮು ಬಿಟ್ಟ ಮೇಲೆ, ಮರೆತು ಒಯ್ದೆ ಎಂದು ಫೋನು ಮಾಡಿ, ಮರುದಿನ ತಾನೇ ಬಂದು ಕೊಟ್ಟು ಹೋಗಿದ್ದ. ಅಷ್ಟು ದೂರದಿಂದ ಬರೀ ಚಾವಿ ಕೊಡಲು ಬಂದರಲ್ಲ ಎಂದು ಹುಡುಗನಿಗೆ ಆಶ್ಚರ್ಯವಾಗಿತ್ತಂತೆ. "ನಿನ್ನೆ ಸಂಜೀಕೂ ಅವ್ರನ್ನ ಕೆಳಗ ಕಂಡಂಗಾತ್ರಿ, ಕೊರಳಾಗ ಶಾಲು ಇತ್ತು. ಜಾತ್ರಿಗೆ ಬಂದಾರ ಅಂದ್ಕೊಂಡೆ" ಎಂದ. ಮ್ಯಾನೇಜರು ಮಾತಾಡಲಿಲ್ಲ. ಬೀಗದ ಕೈ ಒಂದು ರಾತ್ರಿ ಹೊರಗಿದ್ದು ಬಂದಿತ್ತು; ಬೀಗ ಬದಲಾಗಿರಲಿಲ್ಲ.

ಠಾಣೆಗೆ ಹೋದಾಗ ರಾತ್ರಿಯಾಗಿತ್ತು. ಉತ್ಸವದ ಬಂದೋಬಸ್ತಿನಲ್ಲಿ ಎಲ್ಲರೂ ದಣಿದಿದ್ದರು, ಅದು ಕಾಣುತ್ತಿತ್ತು. ಬಂದೋಬಸ್ತು ಮುಗಿಯಲಿ, ಸದ್ಯಕ್ಕೆ ಚಿನ್ನ ಕಾಣೆಯಾಗಿದೆ ಎಂದು ಒಂದು ಅರ್ಜಿ ಬರೆದುಕೊಡಿ, ನೋಡುವ ಎಂದರು. ನನ್ನ ತಮ್ಮ ಒಪ್ಪಲಿಲ್ಲ. ಕಾಣೆಯಾದದ್ದು ಬೇರೆ, ಕಳವಾದದ್ದು ಬೇರೆ. ಕಳವು ಎಂದು ಎಫ್‌ಐಆರ್ ಆಗದಿದ್ದರೆ ಲಾಡ್ಜಿನ ರಿಜಿಸ್ಟರು, ಕ್ಯಾಮೆರಾದ ರೆಕಾರ್ಡರು ಯಾವುದನ್ನೂ ವಶಪಡಿಸಿಕೊಳ್ಳುವವರಿಲ್ಲ. ಆ ರೆಕಾರ್ಡರು ತುಂಬಿದಂತೆ ಹಳೆಯದನ್ನು ತಾನೇ ಅಳಿಸುತ್ತಾ ಹೋಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ದೂರು ದಾಖಲಿಸಿ, ಅದರ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ದಾಖಲಿಸದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಬಹುದು. ತಮ್ಮ ಇದನ್ನು ಜಗಳವಾಡದೆ, ಧ್ವನಿ ಏರಿಸದೆ ಹೇಳಿದ. ಅಮ್ಮ ಬೆಂಚಿನ ಮೇಲಿಂದ ಏಳಲಿಲ್ಲ. ಕೊನೆಗೆ ಒಬ್ಬ ಹಿರಿಯ ಅಧಿಕಾರಿ ಬಂದು ಪೂರ್ತಿ ಕೇಳಿಸಿಕೊಂಡು, ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಮಿನಡಿ, ಜನ ವಾಸವಿರುವ ಕಟ್ಟಡದಲ್ಲಿ ಕಳವು ಎಂದು ದಾಖಲಿಸಿಕೊಂಡರು. ಮಧ್ಯರಾತ್ರಿ ದಾಟಿದ ಮೇಲೆ ಪ್ರತಿ ಕೈಗೆ ಬಂತು. ಆ ಹೊತ್ತಿಗೇ ಒಬ್ಬರು ಲಾಡ್ಜಿಗೆ ಹೋಗಿ ಮೆಟ್ಟಿಲ ಬಳಿಯ ಕ್ಯಾಮೆರಾದ ರೆಕಾರ್ಡರು ತಂದಿದ್ದರು.

ಬಿಲ್ ಎಲ್ಲಿ ಎಂದರು. ಅಜ್ಜಿಯ ಬಳೆಗೆ ಬಿಲ್ ಎಲ್ಲಿಂದ ತರುವುದು? ಅಮ್ಮನ ಮದುವೆಯ ಕಾಲದಲ್ಲಿ ಅಕ್ಕಸಾಲಿಗ ಮನೆಗೇ ಬಂದು ಅಳತೆ ತೆಗೆದುಕೊಂಡು ಮಾಡಿಕೊಟ್ಟ ಒಡವೆ. ನಮ್ಮದೆಂದು ನಾವು ಹೇಳಿದರೆ ಸಾಲದು, ತೋರಿಸಬೇಕು ಎಂದಾಗ ಅಮ್ಮ ಮೊದಲ ಬಾರಿ ಅತ್ತರು. ಕಳೆದುಕೊಂಡದ್ದಕ್ಕಿಂತ, ನಿಮ್ಮದೇ ಎಂಬುದಕ್ಕೆ ಏನು ಆಧಾರ ಎಂದು ಕೇಳಿದ್ದು ಅವರಿಗೆ ಚುಚ್ಚಿತ್ತು. ಅಧಿಕಾರಿ ಕೇಳಿದ್ದು ತಪ್ಪಲ್ಲ. ನಾಳೆ ನ್ಯಾಯಾಲಯವೂ ಅದನ್ನೇ ಕೇಳುತ್ತದೆ.

ನಮ್ಮನ್ನು ಕಾಪಾಡಿದ್ದು ಒಂದು ಹಳೆಯ ಸಾಲ. ತಮ್ಮನ ಓದಿಗೆ ಹಣ ಸಾಲದೆ ಅಮ್ಮ ಒಮ್ಮೆ ಸರವನ್ನೂ ಅರಗಿನ ಬಳೆಗಳನ್ನೂ ಬ್ಯಾಂಕಿನಲ್ಲಿ ಅಡವಿಟ್ಟಿದ್ದರು. ಚಿನ್ನದ ಸಾಲ ಕೊಡುವಾಗ ಬ್ಯಾಂಕಿನ ಶರಾಫರು ಒಂದೊಂದನ್ನೂ ತೂಗಿ, ಒಟ್ಟು ತೂಕ ಇಷ್ಟು, ಅರಗು ಕಲ್ಲು ಕಳೆದು ನಿವ್ವಳ ತೂಕ ಇಷ್ಟು ಎಂದು ಚೀಟಿಯಲ್ಲಿ ಬರೆಯುತ್ತಾರೆ. ಬಳೆಯಲ್ಲಿ ಒಂದರ ಒಳಮೈಗೆ ಬೆಸುಗೆ ಹಾಕಿದ್ದನ್ನೂ ಅವರು ಬರೆದಿದ್ದರು. ಸಾಲ ತೀರಿಸಿದ ಮೇಲೂ ಅಮ್ಮ ಆ ಚೀಟಿಯನ್ನು ಪಾಸ್‌ಬುಕ್ಕಿನೊಳಗೆ ಇಟ್ಟಿದ್ದರು. ನೆರೆಮನೆಯವರಿಂದ ಬಾಗಿಲು ತೆಗೆಸಿ, ಚೀಟಿಯ ಫೋಟೋ ತರಿಸಿಕೊಂಡೆವು. ಹೊಸ ಬಳೆಗಳದು ಸುಲಭವಾಯಿತು: 2023ರ ಏಪ್ರಿಲ್‌ನಿಂದ ಹಾಲ್‌ಮಾರ್ಕ್ ಚಿನ್ನ ಮಾರಬೇಕಾದರೆ ಪ್ರತಿ ಒಡವೆಗೂ ಅಕ್ಷರ ಅಂಕಿ ಸೇರಿದ ಆರು ಸ್ಥಾನಗಳ ಎಚ್‌ಯುಐಡಿ ಗುರುತು ಕಡ್ಡಾಯ. ನಮ್ಮ ಬಿಲ್ಲಿನಲ್ಲಿ ಆ ಎರಡೂ ಸಂಖ್ಯೆ ಇದ್ದವು. ನೆಕ್ಲೇಸಿಗೆ ಮದುವೆ ಫೋಟೋ. ಚಿನ್ನದ ಹೂವಿಗೆ ಯಾವ ಆಧಾರವೂ ಇರಲಿಲ್ಲ.

ಆ ರಾತ್ರಿ ಲಾಡ್ಜಿಗೆ ಮರಳಿದಾಗ ಅಮ್ಮ ಮಲಗಲು ಒಪ್ಪಲಿಲ್ಲ. ಬಾಗಿಲಿಗೆ ಚಿಲಕ ಹಾಕಿ, ಕುರ್ಚಿ ಒರಗಿಸಿ, ಅದರ ಮೇಲೆ ಸ್ಟೀಲಿನ ಲೋಟ ಇಟ್ಟು, ಗೋಡೆಗೆ ಒರಗಿ ಕುಳಿತರು. "ನಾವು ಹಿಂದಿನ ರಾತ್ರಿ ಇಲ್ಲಿ ಮಲಗಿದ್ದಾಗಲೂ ಅವನ ಹತ್ತಿರ ಕೈ ಇತ್ತಲ್ಲ" ಎಂದರು. ಅದನ್ನು ಕೇಳಿದ ಮೇಲೆ ನನಗೂ ನಿದ್ದೆ ಹತ್ತಲಿಲ್ಲ. ಚಿನ್ನದ ಲೆಕ್ಕ ಎಲ್ಲರೂ ಕೇಳುತ್ತಾರೆ. ಈ ಭಯದ ಲೆಕ್ಕ ಯಾರೂ ಕೇಳುವುದಿಲ್ಲ. ತಿಂಗಳುಗಟ್ಟಲೆ ಅಮ್ಮ ನಮ್ಮ ಮನೆಯಲ್ಲೂ ರಾತ್ರಿ ಎದ್ದು ಬಾಗಿಲು ಎಳೆದು ನೋಡುತ್ತಿದ್ದರು. ಬೆಳಗಾದ ಮೇಲೆ ಇನ್ನಂಜೆಯ ನೆಂಟರ ಮನೆಗೆ ಹೋದೆವು. ಪೂಜೆಯ ದಿನ ಅಮ್ಮ ಕೈಯಲ್ಲಿ ಮಲ್ಲಿಗೆಯ ಚೆಂಡೊಂದನ್ನೇ ಹಿಡಿದು ಗುಡಿಗೆ ಹೋದರು.

ಕಳ್ಳ ಸಿಕ್ಕಿದ್ದು ಬೇರೆ ಜಿಲ್ಲೆಯಲ್ಲಿ. ಕ್ಯಾಮೆರಾದಲ್ಲಿ ಉತ್ಸವದ ಶಾಲು ಹೊದ್ದು ಮೆಟ್ಟಿಲೇರಿದವನನ್ನು ಹುಡುಗ ಗುರುತಿಸಿದ. ಹಿಂದಿನ ತಿಂಗಳ ರಿಜಿಸ್ಟರಿನಲ್ಲಿ ಅವನು ಕೊಟ್ಟ ವಿಳಾಸ ಸುಳ್ಳಾಗಿತ್ತು. ಆದರೆ ಕೈ ಮರೆತು ಒಯ್ದೆ ಎಂದು ಮಾಡಿದ ಫೋನಿನ ನಂಬರು ಲಾಡ್ಜಿನ ಫೋನಿನಲ್ಲಿ ಉಳಿದಿತ್ತು. ಅವನು ಹಬ್ಬ, ಜಾತ್ರೆ, ಮದುವೆ ಸೀಸನ್ನು ನೋಡಿ, ಮೊದಲೇ ಒಮ್ಮೆ ತಂಗಿ ಕೈ ಮಾಡಿಸಿಟ್ಟುಕೊಂಡು, ಜನ ತುಂಬಿದ ದಿನ ಬರುವವನು. ಹೊಸ ಬಳೆಗಳು ಒಂದು ಹಣಕಾಸು ಸಂಸ್ಥೆಯಲ್ಲಿ ಅಡವಾಗಿದ್ದವು. ಭೂತಗನ್ನಡಿ ಹಿಡಿದು ನೋಡಿದಾಗ ಆರು ಸ್ಥಾನಗಳ ಗುರುತು ಬಿಲ್ಲಿಗೆ ಸರಿಹೊಂದಿತು. ಅಜ್ಜಿಯ ಬಳೆಗಳು ಅವನ ಮನೆಯಲ್ಲೇ ಸಿಕ್ಕವು. ಅರಗು ತುಂಬಿದ್ದರಿಂದ ಕರಗಿಸುವವರು ಬೇಡವೆಂದಿದ್ದರಂತೆ. ಸರ, ನೆಕ್ಲೇಸು, ಚಿನ್ನದ ಹೂ ಮೂರೂ ಗಟ್ಟಿಯಾಗಿ ಹೋಗಿದ್ದವು.

ಸಿಕ್ಕಿದ್ದನ್ನು ಪಡೆಯುವುದೂ ಒಂದು ಹೋರಾಟವೇ. ಪೊಲೀಸರು ವಶಪಡಿಸಿಕೊಂಡದ್ದು ನ್ಯಾಯಾಲಯದ ಸ್ವತ್ತಿನಂತೆ. ಕೇಸು ಮುಗಿಯುವವರೆಗೆ ಕಾಯಬೇಕು ಎಂದು ಹಲವರು ನಮ್ಮನ್ನು ಹೆದರಿಸಿದರು. ಉಡುಪಿಯ ವಕೀಲರು ಹಾಗಿಲ್ಲ ಎಂದರು. ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ 2002ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ: ಚಿನ್ನದಂಥ ವಸ್ತುಗಳನ್ನು ವರ್ಷಗಟ್ಟಲೆ ಠಾಣೆಯಲ್ಲಿ ಇಟ್ಟುಕೊಳ್ಳಬೇಕಿಲ್ಲ, ಸರಿಯಾದ ಪಂಚನಾಮೆ ಮಾಡಿ, ಫೋಟೋ ತೆಗೆದು, ಮುಚ್ಚಳಿಕೆ ಬರೆಸಿಕೊಂಡು ಮಾಲೀಕರಿಗೆ ಕೊಡಬಹುದು. ನಾವು ಅರ್ಜಿ ಹಾಕಿದೆವು. ಗುರುತು ಹಿಡಿಯುವ ದಿನ ಅಮ್ಮ ಬಳೆಗಳನ್ನು ಕಣ್ಣಿನ ಹತ್ತಿರ ತರಲೇ ಇಲ್ಲ; ಹೆಬ್ಬೆರಳಿನಿಂದ ಒಳಮೈ ಸವರಿ, ಬೆಸುಗೆಯ ಗಂಟು ಸಿಕ್ಕಿದೊಡನೆ "ಇದೇ" ಎಂದರು.

ಕೌಂಟರಿನ ಹಿಂದಿನ ಆ ಬೋರ್ಡು ನನ್ನನ್ನು ಬಹಳ ದಿನ ಕಾಡಿತು. ಬೋರ್ಡು ತೂಗುಹಾಕಿದರೆ ಹೊಣೆ ಕಳಚುತ್ತದೆಯೇ? ಬ್ರಿಟನ್ನಿನಲ್ಲಿ ಹೋಟೆಲಿನವರ ಹೊಣೆಗೆ 1956ರ ಕಾಯ್ದೆಯೊಂದು ಮಿತಿ ಹಾಕಿದೆ, ಒಂದು ವಸ್ತುವಿಗೆ 50 ಪೌಂಡ್, ಒಬ್ಬ ಅತಿಥಿಗೆ ಒಟ್ಟು 100 ಪೌಂಡ್. ಆ ಮಿತಿ ಬೇಕಿದ್ದರೂ ಎದ್ದುಕಾಣುವ ಬೋರ್ಡು ಹಾಕಿರಬೇಕು. ಹೋಟೆಲಿನವರದೇ ಅಜಾಗರೂಕತೆಯಾದರೆ ಮಿತಿಯೂ ಅನ್ವಯಿಸದು. ನಮ್ಮಲ್ಲಿ 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ ಅತಿಥಿಯೊಬ್ಬರು ನಿಲ್ಲಿಸಲೆಂದು ಹೋಟೆಲಿನವರ ಕೈಗೊಪ್ಪಿಸಿದ ಕಾರು ಕಳವಾಗಿತ್ತು. ಮಾಲೀಕರದೇ ಜವಾಬ್ದಾರಿ ಎಂದು ಚೀಟಿಯಲ್ಲಿ ಅಚ್ಚಾಗಿತ್ತು. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಸಿಕೊಂಡ ವಸ್ತುವನ್ನು ಜಾಗ್ರತೆಯಿಂದ ಕಾಯದ ಹೋಟೆಲು ಆ ಅಕ್ಷರಗಳ ಹಿಂದೆ ಅಡಗುವಂತಿಲ್ಲ ಎಂದಿತು. ಅಲ್ಲಿ ತೂಕವಿರುವುದು ಒಪ್ಪಿಸುವುದಕ್ಕೆ. ರೂಮಿನ ಕಪಾಟಿನಲ್ಲಿ ಇಟ್ಟದ್ದು ಬೇರೆ. ಕೌಂಟರಿನಲ್ಲಿ ಲಕೋಟೆಗೆ ಹಾಕಿ, ಅಂಟಿಸಿ, ಮೇಲೆ ಸಹಿ ಮಾಡಿ, ರಸೀದಿ ಪಡೆದು ಕೊಟ್ಟದ್ದು ಬೇರೆ. ರಸೀದಿ ಕೊಡದ ಲಾಡ್ಜಿಗೆ ಏನನ್ನೂ ಒಪ್ಪಿಸಬಾರದು. ಹೊರಗೆ ಹೋಗಿ ಬಂದ ಕೈಯ ಬೀಗವನ್ನು ಬದಲಿಸದಿದ್ದುದು ಸೇವೆಯ ಲೋಪ ಎಂದು ನಾವು ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಟ್ಟಿದ್ದೇವೆ. ಅದಕ್ಕೆ ಎರಡು ವರ್ಷದ ಕಾಲಮಿತಿ ಇದೆ ಎಂಬುದು ತಿಳಿದಿರಲಿ.

ಮಣಿಪಾಲದಲ್ಲಿ ಹೋಟೆಲ್ ಆಡಳಿತ ಕಲಿತು ದೊಡ್ಡ ಹೋಟೆಲುಗಳಲ್ಲಿ ದುಡಿದ ನನ್ನ ದೊಡ್ಡಮ್ಮನ ಮಗ ಇದನ್ನೆಲ್ಲ ಕೇಳಿ, "ಅಕ್ಕ, ಒಂದು ರೂಮಿಗೆ ಒಂದೇ ಕೈ ಅಂತ ಯಾವತ್ತೂ ತಿಳ್ಕೊಳ್ಬೇಡ" ಎಂದ. ಅತಿಥಿಯ ಕೈ, ಮಹಡಿಗೊಂದು ಮಾಸ್ಟರ್, ಇಡೀ ಕಟ್ಟಡಕ್ಕೊಂದು ಮಾಸ್ಟರ್, ತುರ್ತಿಗೆ ಮತ್ತೊಂದು. ಕಾರ್ಡ್ ಬೀಗಗಳಲ್ಲಿ ಒಂದು ಅನುಕೂಲವಿದೆ: ಯಾವ ಕಾರ್ಡು ಎಷ್ಟು ಹೊತ್ತಿಗೆ ತೆರೆಯಿತೆಂದು ಬೀಗದೊಳಗೇ ದಾಖಲಾಗುತ್ತದೆ, ಕಳವಾದರೆ ಆ ದಾಖಲೆಯನ್ನು ಕೂಡಲೇ ಕೇಳಬೇಕು. ಅವೂ ಅಭೇದ್ಯವಲ್ಲ. 2012ರಲ್ಲಿ ಅಮೆರಿಕದಲ್ಲಿ ಓನಿಟಿ ಕಂಪನಿಯ ಹೋಟೆಲ್ ಬೀಗಗಳ ಅಡಿಯ ಸಣ್ಣ ತೂತಿಗೆ ಒಂದು ಸಾಧನ ಚುಚ್ಚಿ ಬಾಗಿಲು ತೆರೆಯಬಹುದೆಂದು ಒಬ್ಬ ತಂತ್ರಜ್ಞ ತೋರಿಸಿದ. ಕೆಲವೇ ತಿಂಗಳಲ್ಲಿ ಟೆಕ್ಸಾಸಿನ ಹೋಟೆಲಿನಲ್ಲಿ ಅದೇ ದಾರಿಯಲ್ಲಿ ಕಳವು ನಡೆಯಿತು. ರೂಮಿನ ಚಿಕ್ಕ ತಿಜೋರಿಗೂ ಹೋಟೆಲಿನವರ ಬಳಿ ಮತ್ತೊಂದು ಸಂಕೇತ ಇರುತ್ತದೆ, ಕೆಲವೆಡೆ ಕಾರ್ಖಾನೆಯಿಂದ ಬಂದದ್ದನ್ನು ಬದಲಿಸಿಯೇ ಇರುವುದಿಲ್ಲ.

ನಾವು ಈಗ ಹೊರಗೆ ತಂಗುವಾಗ ಬಾಗಿಲ ಚೌಕಟ್ಟಿಗೆ ಕೊಂಡಿ ಇದ್ದಲ್ಲಿ ನಮ್ಮದೇ ಬೀಗವನ್ನು ಹೆಚ್ಚುವರಿಯಾಗಿ ಹಾಕುತ್ತೇವೆ. ಅಂಥ ಕೊಂಡಿಯ ರೂಮನ್ನೇ ಕೇಳಿ ಪಡೆಯುತ್ತೇವೆ. ಒಡವೆಗಳ ಫೋಟೋ, ತೂಕ, ಎಚ್‌ಯುಐಡಿ ತಮ್ಮನ ಬಳಿ, ನನ್ನ ಬಳಿ ಎರಡು ಕಡೆ ಇವೆ. ಅಮ್ಮ ಚಿನ್ನವನ್ನು ದೇವರ ಮುಂದೆ ಇಡಬೇಕೆಂದರೆ ನೆಂಟರ ಮನೆಯಲ್ಲೇ ಇಳಿಯುತ್ತಾರೆ. ಅವರು ಮತ್ತೊಂದು ಚಿನ್ನದ ಹೂ ಮಾಡಿಸಿ ಮಾರಿಗುಡಿಗೆ ಒಪ್ಪಿಸಿಯೂ ಆಗಿದೆ.

ಹುಡುಗ ಆ ಲಾಡ್ಜು ಬಿಟ್ಟ. ಅವನಿಗೆ ಹೊಡೆದವರು ಯಾರೂ ತಪ್ಪಾಯಿತೆಂದು ಹೇಳಲಿಲ್ಲ, ಆ ತಿಂಗಳ ಪಗಾರವೂ ತಡವಾಗಿ ಬಂತು. ದೊಡ್ಡಮ್ಮನ ಮಗ ಅವನನ್ನು ಮಣಿಪಾಲದ ಒಂದು ಮೆಸ್ಸಿಗೆ ಸೇರಿಸಿದ್ದಾನೆ. ಕೇಸಿನಲ್ಲಿ ಅವನೂ ಒಬ್ಬ ಮುಖ್ಯ ಸಾಕ್ಷಿ. ಕೋರ್ಟಿಗೆ ಹೋದ ದಿನ ಸಂಬಳ ಮುರಿಯುತ್ತಾರೇನೋ ಎಂದು ಅಮ್ಮನಿಗೆ ಫೋನು ಮಾಡಿ ಕೇಳಿದ್ದ. ಹಾಜರಾದದ್ದಕ್ಕೆ ಕೋರ್ಟಿನಿಂದ ಬರವಣಿಗೆಯಲ್ಲಿ ಪತ್ರ ಕೊಡಿಸಬೇಕೆಂದು ವಕೀಲರಲ್ಲಿ ಈಗಲೇ ಹೇಳಿಟ್ಟಿದ್ದೇವೆ.